ಮಾತಿಗೆ ಮಾತ್ರ ಮುಚ್ಚಿದ ದಾರಿ

ಪುಟಗಳು ತೆರೆಯುತ್ತಿದ್ದವು, ಇ-ಮೇಲ್ ಹೋಗುತ್ತಿತ್ತು, ಪರೀಕ್ಷೆಯ ಫಲಿತಾಂಶ ಬರುತ್ತಿತ್ತು. ಮಾತು ಮಾತ್ರ ಕಡಿಯುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಒಂದು ಬೇಸಿಗೆಯಲ್ಲಿ, ಶಹಾಬಾದದ ಒಂದು ಇಂಟರ್‌ನೆಟ್ ಸೆಂಟರಿನಲ್ಲಿ ನಾನು ಬಿಡಿಸಬೇಕಾಗಿ ಬಂದ ತೊಡಕು ಇಷ್ಟೇ. ಇಷ್ಟೇ ಎಂದು ಆಗ ನಾನೂ ತಿಳಿದಿದ್ದೆ.

ಸೆಂಟರ್ ಇದ್ದದ್ದು ಸ್ಟೇಷನ್ ರಸ್ತೆಯ ಒಂದು ಮನೆಯ ಮುಂಭಾಗದಲ್ಲಿ. ಮನೆ ನಿವೃತ್ತ ಗಣಿತ ಮಾಸ್ತರರದು. ಬೆಳಿಗ್ಗೆ ಪೂಜೆ ಮುಗಿಸಿ, ಗೋಪಿಚಂದನದ ಮುದ್ರೆ ಆರುವ ಮೊದಲೇ ಬಂದು ಕಂಪ್ಯೂಟರ್ ಮುಂದೆ ಕೂಡುತ್ತಿದ್ದರು. ಹೊಸದೆಂದರೆ ಅವರಿಗೆ ಅಷ್ಟು ಹುಚ್ಚು. ಯಂತ್ರಗಳು, ವೈರು, ಮಾಳಿಗೆಯ ಮೇಲಿನ ಆಂಟೆನಾ, ಮಧ್ಯಾಹ್ನದ ಕಂಪ್ಯೂಟರ್ ಕ್ಲಾಸು, ಇವೆಲ್ಲ ನನ್ನ ಪಾಲಿನವು. ನಮ್ಮ ಸಂಪರ್ಕ ವಾಡಿಯಿಂದ ಬರುತ್ತಿತ್ತು. ಅಲ್ಲಿಯ ಒಬ್ಬ ಸಾಹುಕಾರರು ಗುಲ್ಬರ್ಗಾದಿಂದ ದೊಡ್ಡ ಲೈನು ತಂದು, ಎತ್ತರದ ಟವರ್ ನಿಲ್ಲಿಸಿ, ರೇಡಿಯೊ ಮೂಲಕ ಶಹಾಬಾದ, ಚಿತ್ತಾಪುರ, ಸೇಡಂಗಳ ಸೆಂಟರುಗಳಿಗೆ ಹಂಚುತ್ತಿದ್ದರು. ಟೆಲಿಫೋನ್ ಲೈನಿನಲ್ಲಿ ಮೋಡೆಮ್ ಕಿರುಗುಟ್ಟಿಸುತ್ತ ಕೂತವರಿಗೆ ಅದು ದೊಡ್ಡ ಬಿಡುಗಡೆಯಾಗಿತ್ತು.

ಊರಿನ ಕಲ್ಲು ಕೆಲಸದವರು ಬಹಳ ಮಂದಿ ಆಗ ಗಲ್ಫಿಗೆ ಹೋಗಿದ್ದರು. ಇಲ್ಲಿ ಪರಸಿ ಎಂಬ ಹಾಸುಗಲ್ಲು ಕೂಡಿಸುತ್ತಿದ್ದವರು ಅಲ್ಲಿ ದೊಡ್ಡ ಕಟ್ಟಡಗಳಿಗೆ ನೆಲ ಹಾಸುತ್ತಿದ್ದರು. ಶುಕ್ರವಾರ ಅವರಿಗೆ ರಜೆ. ಆ ದಿನ ಅವರು ಅಲ್ಲಿಯ ಸೆಂಟರಿನಲ್ಲಿ, ಮನೆಯವರು ಇಲ್ಲಿ ನಮ್ಮಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂಡುತ್ತಿದ್ದರು. ಐಎಸ್‌ಡಿ ಬೂತಿನಲ್ಲಿ ಗಡಿಯಾರ ನೋಡುತ್ತ ನಾಲ್ಕು ಮಾತಾಡಿ ಓಡಿಬರುವ ಕಾಲ ಅದು. ನಮ್ಮಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತು; ಮಕ್ಕಳು ಶಾಲೆಯ ಪದ್ಯ ಹೇಳುವಷ್ಟು, ಮುದುಕಿಯರು ಸುಮ್ಮನೆ ಉಸಿರುಬಿಡುವಷ್ಟು ಪುರುಸೊತ್ತು ಇರುತ್ತಿತ್ತು.

ಹಾಗೆ ಬರುತ್ತಿದ್ದವರಲ್ಲಿ ಒಬ್ಬಾಕೆ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳಿರಬೇಕು. ಮೊಣಕೈವರೆಗೆ ತೊಳೆದುಕೊಂಡು ಬಂದರೂ ಉಗುರಿನ ಸಂದಿಯಲ್ಲಿ ಕಲ್ಲಿನ ಬಿಳಿ ಕೆಸರು ಉಳಿದಿರುತ್ತಿತ್ತು. ಗಂಡ ಬಹರೈನಿನಲ್ಲಿದ್ದ. ಸೆರಗಿನ ಮೇಲೆಯೇ ಹೆಡ್‌ಫೋನ್ ಇಟ್ಟುಕೊಂಡು, ಪರದೆಯ ಕಡೆ ನೋಡದೆ ಗೋಡೆಯ ಕಡೆ ನೋಡುತ್ತ ಮಾತಾಡುತ್ತಿದ್ದಳು. ಮಾತು ಕಡಿಯುವ ದೂರು ಮೊದಲು ತಂದವರು ಬೇರೆಯವರು. ಆಕೆ ದೂರು ಹೇಳಲಿಲ್ಲ. ಒಂದು ಶುಕ್ರವಾರ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ನಾನು ವೈರು ಪರೀಕ್ಷಿಸುತ್ತ ಬಗ್ಗಿದ್ದಲ್ಲಿಗೇ ಬಗ್ಗಿ, ಯಾರಿಗೂ ಕೇಳಿಸದಂತೆ ಹೇಳಿದಳು:

"ಅಕ್ಕೋರೇ, ಮಷೀನಿಗಿ ಏನೂ ಆಗಿಲ್ರಿ. ಅಂವನೇ ಬಂದ್ ಮಾಡ್ಲಿಕತ್ತಾನ. ಉಂಡ್ಯಾ, ಹುಡುಗ್ರು ಹ್ಯಾಂಗಾರ ಅನ್ನೂತನ ಚಲೋ ಇರ್ತದ. ನೀ ಯಾವಾಗ ಬರ್ತಿ ಅಂತ ನಾ ಕೇಳಿದ್ರ ಸಾಕು, ಕಡೀತದ."

ನಾನು ಹಾಗಿರಲಿಕ್ಕಿಲ್ಲ ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು. ನನಗೇನೋ ಗೊತ್ತಿದೆ, ಮುಚ್ಚಿಡುತ್ತಿದ್ದೇನೆ ಎಂಬ ನೋಟ ಅದು.

ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು. ಇಂಥ ಕೆಲಸದಲ್ಲಿ ಹತ್ತಿರದಿಂದ ದೂರಕ್ಕೆ ಹೋಗಬೇಕು. ಮೊದಲು ಹೆಡ್‌ಫೋನ್ ಬದಲಿಸಿದೆ. ಸೌಂಡ್ ಕಾರ್ಡು ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಿದೆ. ವೈರಸ್ ಇರಬಹುದೆಂದು ಎರಡು ಯಂತ್ರಗಳನ್ನು ಪೂರ್ತಿ ಅಳಿಸಿ ಹೊಸದಾಗಿ ಕೂಡಿಸಿದೆ. ಮಾತು ಕಡಿಯುತ್ತಲೇ ಇತ್ತು. ಕಡಿಯುವ ರೀತಿಯೂ ವಿಚಿತ್ರ: ಮೊದಲ ಕೆಲವು ನಿಮಿಷ ಎದುರಿಗೆ ಕೂತು ಮಾತಾಡಿದಷ್ಟು ಸ್ಪಷ್ಟ, ಆಮೇಲೆ ಪದಗಳ ತಲೆ ಬಾಲ ಹಾರಿಹೋಗಿ ಬರೀ ನಡುವಿನ ತುಂಡು ಉಳಿಯುವುದು, ಆಮೇಲೆ ನೀರೊಳಗೆ ಮುಳುಗಿದವರ ದನಿ, ಆಮೇಲೆ ಏನೂ ಇಲ್ಲ.

ಯಂತ್ರಗಳ ವೈರುಗಳೆಲ್ಲ ಕೂಡುವ ಹಬ್ ಬದಲಿಸಿದೆ, ಗೋಡೆಯೊಳಗಿನ ವೈರು ಬಿಟ್ಟು ನೆಲದ ಮೇಲೆ ಹೊಸ ವೈರು ಎಳೆದೆ. ಆಮೇಲೆ ಮಾಳಿಗೆ ಹತ್ತಿದೆ. ನಮ್ಮ ಆಂಟೆನಾ ಜಾಲರಿಯ ತಟ್ಟೆ. ಅದರ ಮುಖ ವಾಡಿಯ ಟವರಿಗೆ ನೇರವಿರಬೇಕು, ಒಂದಿಷ್ಟು ಸರಿದರೂ ಸಿಗ್ನಲ್ ಬೀಳುತ್ತದೆ. ಮಧ್ಯಾಹ್ನ ಗಣಿಗಳಲ್ಲಿ ಸಿಡಿಮದ್ದು ಹಾರಿಸುತ್ತಿದ್ದರು. ಆ ನಡುಕಕ್ಕೆ ಕಂಬ ಸಡಿಲಾಗಿರಬಹುದೆಂದು ನನ್ನ ಶಂಕೆ. ಕೆಳಗೆ ಪರದೆಯ ಮುಂದೆ ಮಾಸ್ತರರು ಸಿಗ್ನಲ್ಲಿನ ಅಂಕಿ ಓದಿ ಕೂಗುತ್ತಿದ್ದರು, ಮೇಲೆ ನಾನು ಕಾದ ಕಬ್ಬಿಣವನ್ನು ಒದ್ದೆ ಗೋಣಿಯಲ್ಲಿ ಹಿಡಿದು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಿದ್ದೆ. ಅಂಕಿ ಮೊದಲೇ ಚೆನ್ನಾಗಿತ್ತು, ಇನ್ನೂ ಚೆನ್ನಾಯಿತು. ಮಾತು ಕಡಿಯಿತು.

ಪಿಂಗ್ ಎಂದು ನಾವು ಹೇಳುವ ಒಂದು ಪರೀಕ್ಷೆ ಇದೆ. ಒಂದು ಪುಟ್ಟ ತುಣುಕನ್ನು ದೂರದ ಕಂಪ್ಯೂಟರಿಗೆ ಕಳಿಸಿ, ಅದು ತಿರುಗಿ ಬರುತ್ತದೋ ಇಲ್ಲವೋ, ಎಷ್ಟು ತಡವಾಗಿ ಬರುತ್ತದೆ ಎಂದು ನೋಡುವುದು. ಮಾತು ಕಡಿಯುತ್ತಿರುವಾಗಲೇ ಪಕ್ಕದ ಯಂತ್ರದಲ್ಲಿ ಪಿಂಗ್ ಓಡಿಸಿದೆ. ಒಂದೂ ಕಳೆಯದೆ ಎಲ್ಲ ತಿರುಗಿ ಬಂದವು. ದಾರಿ ಸರಿಯಿದೆ ಎನ್ನುತ್ತಿತ್ತು ಪರದೆ. ಹೆಡ್‌ಫೋನಿನಲ್ಲಿ ಯಾರೋ ಮುಳುಗುತ್ತಿದ್ದರು.

ವಾಡಿಗೆ ಫೋನ್ ಮಾಡಿದರೆ ಸಾಹುಕಾರರ ಮೆಕ್ಯಾನಿಕ್ ಮರುದಿನವೇ ಬರುತ್ತಿದ್ದ. ಕರೆಂಟಿನವರು, ಫೋನಿನವರು ವಾರಗಟ್ಟಲೆ ಸತಾಯಿಸುವ ಊರಿನಲ್ಲಿ ಅವನ ಚುರುಕುತನ ಮೆಚ್ಚುವಂಥದ್ದೇ. ಆಂಟೆನಾದ ಕನೆಕ್ಟರ್ ಬಿಚ್ಚಿ, ಒರೆಸಿ, ಟೇಪು ಸುತ್ತಿ, ಈಗ ಮಾತಾಡಿ ನೋಡಿ ಎನ್ನುತ್ತಿದ್ದ. ಸ್ಪಷ್ಟವಾಗಿ ಕೇಳುತ್ತಿತ್ತು. ಅವನು ಹೋದ ಮರುದಿನ ಮತ್ತೆ ಕಡಿಯುತ್ತಿತ್ತು. ಮೂರನೆಯ ಸಲ ಬಂದಾಗ ಅವನು ಚಹಾ ಕುಡಿಯುತ್ತ ಕೂತಿದ್ದ; ಇನ್ನೂ ಮಾಳಿಗೆ ಹತ್ತಿರಲಿಲ್ಲ. ಆಗ ಒಳಗೆ ಯಾರೋ ಮಾತಾಡುತ್ತಿದ್ದವರು ಇವತ್ತು ಎಷ್ಟು ಚಂದ ಕೇಳುತ್ತಿದೆ ಎಂದರು. ಕನೆಕ್ಟರ್ ಮುಟ್ಟುವ ಮೊದಲೇ ರೋಗ ವಾಸಿಯಾಗಿತ್ತು. ಅವನೂ ಅದನ್ನು ಕೇಳಿಸಿಕೊಂಡ, ಕಪ್ಪು ಕೆಳಗಿಟ್ಟು ಅವಸರವಾಗಿ ಏಣಿಯ ಕಡೆ ಹೋದ. ಹೋಗುವಾಗ ಒಂದು ಪೋಸ್ಟರ್ ಕೊಟ್ಟ. ಸಾಹುಕಾರರು ಹೊಸದಾಗಿ ಮಾತಿನ ಕಾರ್ಡು ತಂದಿದ್ದರು. ಕಾರ್ಡು ಕೊಂಡು ಅದರ ಸಂಖ್ಯೆ ಒತ್ತಿದರೆ ನಮ್ಮ ಕಂಪ್ಯೂಟರಿನಿಂದಲೇ ಗಲ್ಫಿನ ಫೋನಿಗೆ ಮಾತು. ಕಾರ್ಡಿನ ಮಾತು ಕಡಿಯುತ್ತಿರಲಿಲ್ಲ. ನಾನೇ ಪರೀಕ್ಷೆ ಮಾಡಿ ನೋಡಿದೆ, ಒಂದು ಅಕ್ಷರವೂ ಕಳೆಯಲಿಲ್ಲ.

ಅಷ್ಟಾದರೂ ನನ್ನ ಅನುಮಾನ ನೇರವಾಗಿ ವಾಡಿಗೆ ಹೋಗಲಿಲ್ಲ. ಲೈನು ಕೊಡುವವರೇ ಲೈನು ಕೆಡಿಸುತ್ತಾರೆ ಎಂದು ಯಾರಿಗೆ ಹೊಳೆಯುತ್ತದೆ? ನನಗೆ ಸೇಡಂ ಸೆಂಟರಿನವರ ಮೇಲೆ ಸಂಶಯ. ಒಂದೇ ಕೊಳವೆಯ ನೀರು ನಾವೆಲ್ಲ ಕುಡಿಯುವವರು. ಅವರು ಸಿನಿಮಾ ಹಾಡು ಇಳಿಸಿಕೊಳ್ಳುತ್ತ ಕೂತರೆ ನಮಗೆ ಎಲ್ಲಿಂದ ಬರಬೇಕು? ಮಾಸ್ತರರಿಗೆ ನನ್ನ ಮೇಲೆ ಸಂಶಯ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಾನು ಕೂಡುವ ಯಂತ್ರದ ಹಿಂದೆ ಬಂದು ನಿಲ್ಲತೊಡಗಿದರು. ಗಿರಾಕಿಗಳಲ್ಲಿ ಒಂದು ಸುದ್ದಿ ಹುಟ್ಟಿತು: ಕಂಪ್ಯೂಟರ್ ಕಲಿಸುವ ಹುಡುಗಿ ಇನ್ನೊಂದು ಹೆಡ್‌ಫೋನಿನಲ್ಲಿ ಎಲ್ಲರ ಮನೆಯ ಮಾತು ಕೇಳುತ್ತಾಳೆ, ಅದಕ್ಕೇ ದನಿ ಒಡೆಯುತ್ತದೆ. ನಾನು ಪಕ್ಕದಲ್ಲಿ ಹಾದುಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಪಾಲಿಶ್ ಕಾರ್ಖಾನೆಯಾಕೆ ಬರುವುದನ್ನೇ ಬಿಟ್ಟಳು.

ಕೊನೆಗೆ ಸೇಡಂ ಸೆಂಟರಿನವರನ್ನು ಕೈಯಾರೆ ಹಿಡಿಯಬೇಕೆಂದು ವಾಡಿಯಲ್ಲಿ ಗಾಡಿ ಬದಲಿಸಿ ಪ್ಯಾಸೆಂಜರಿನಲ್ಲಿ ಸೇಡಂಗೆ ಹೋದೆ. ಮುನ್ಸೂಚನೆ ಕೊಡಲಿಲ್ಲ. ಹೋದರೆ ಅಲ್ಲಿಯೂ ಅದೇ ಕಥೆ. ಸೆಂಟರ್ ನಡೆಸುತ್ತಿದ್ದಾತ ತೆಳ್ಳಗಿನ, ಮಾತು ಕಮ್ಮಿಯ ಮನುಷ್ಯ. ನಾನು ಯಾರೆಂದು ಹೇಳಿದ ಕೂಡಲೇ ಅವನ ಮುಖ ಬಿಗಿಯಿತು. ಅವನ ಯಂತ್ರಗಳನ್ನು ಒಂದೊಂದಾಗಿ ನೋಡಲು ಬಿಟ್ಟ. ಯಾವ ಹಾಡೂ ಇಳಿಯುತ್ತಿರಲಿಲ್ಲ. ಆಮೇಲೆ ಅವನೂ ಬಾಯಿಬಿಟ್ಟ. "ಖರೇ ಹೇಳ್ಬೇಕಂದ್ರ, ನಾ ನಿಮ್ಮ ಮ್ಯಾಲೇ ಶಕ್ ಮಾಡಿದ್ದೆ. ಶಹಾಬಾದದವರೇ ಎಲ್ಲಾ ಎಳಕೋಲಿಕತ್ತಾರ ಅಂತ ವಾಡಿಯವರೇ ಹೇಳಿದ್ರು."

ನಮಗೆ ಅದೇ ವಾಡಿಯವರು ಹೇಳಿದ್ದು ಸೇಡಂನವರೇ ಎಳೆದುಕೊಳ್ಳುತ್ತಾರೆ ಎಂದು.  ಹೊರಡುವಾಗ ಅವನೇ ಇನ್ನೊಂದು ವಿಷಯ ಹೇಳಿದ: ಅವನ ಗಿರಾಕಿಗಳು ಕೆಲವರು ಈಚೆಗೆ ಮಾತಿಗಾಗಿ ಚಿಂಚೋಳಿಗೆ ಹೋಗುತ್ತಿದ್ದಾರಂತೆ. ಚಿಂಚೋಳಿಗೆ ವಾಡಿಯ ಲಿಂಕ್ ಮುಟ್ಟುತ್ತಿರಲಿಲ್ಲ. ಅಲ್ಲಿ ಇದ್ದದ್ದು ಹಳೆಯ ಟೆಲಿಫೋನ್ ಲೈನು, ಹಳೆಯ ಮೋಡೆಮ್ಮು.

ಅದೇ ಮಧ್ಯಾಹ್ನ ಬಸ್ಸು ಹಿಡಿದೆ. ಚಿಂಚೋಳಿಯ ಸೆಂಟರೆಂದರೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಝೆರಾಕ್ಸ್ ಅಂಗಡಿಯ ಒಳಕೋಣೆ. ನಾನು ಹೋದಾಗ ಕುಂಚಾವರಂ ಕಡೆಯ ಒಬ್ಬ ವಯಸ್ಸಾದ ತಾಯಿ ತೆಲುಗಿನಲ್ಲಿ ಮಗನೊಡನೆ ಮಾತಾಡುತ್ತ ಕೂತಿದ್ದಳು. ಒಂದು ಪುಟ ತೆರೆಯಲು ಅಲ್ಲಿ ಯುಗ ಹಿಡಿಯುತ್ತಿತ್ತು. ಆದರೆ ಆಕೆಯ ಮಾತು ಒಮ್ಮೆಯೂ ಕಡಿಯಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಆಕೆ ಮುಗಿಸುವ ತನಕ ಕಾದೆ. ಮಗ ಇದ್ದದ್ದೂ ಬಹರೈನಿನಲ್ಲಿ ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ಅಂದರೆ ದೋಷ ಆ ಕಡೆಯದಲ್ಲ. ತೆಳ್ಳಗಿನ ಲೈನಿನಲ್ಲಿ ಹರಿಯುವ ಮಾತು ಅಗಲದ ಲೈನಿನಲ್ಲಿ ಹರಿಯುತ್ತಿಲ್ಲ. ಇಕ್ಕಟ್ಟಿನಿಂದ ಕಡಿಯುತ್ತಿಲ್ಲ ಎಂದಾದ ಮೇಲೆ ಉಳಿದದ್ದು ಒಂದೇ: ಯಾರೋ ಕಡಿಯುತ್ತಿದ್ದಾರೆ. ಸೇಡಂಗೆ ಮರಳುವ ಬಸ್ಸಿನಲ್ಲಿ ಈ ವಾಕ್ಯವನ್ನು ಮನಸ್ಸಿನಲ್ಲೇ ತಿರುವಿ ತಿರುವಿ ನೋಡಿದೆ. ತಪ್ಪು ಸಿಗಲಿಲ್ಲ.

ಶಂಕೆ ಬೇರೆ, ತೋರಿಸುವುದು ಬೇರೆ. ಇಂಟರ್‌ನೆಟ್ಟಿನಲ್ಲಿ ಒಂದೊಂದು ಬಗೆಯ ಸಂಚಾರ ಒಂದೊಂದು ಸಂಖ್ಯೆಯ ಬಾಗಿಲಿನಿಂದ ಹೋಗಿ ಬರುತ್ತದೆ; ಪೋರ್ಟ್ ಎನ್ನುತ್ತೇವೆ. ಪುಟಗಳದು ಒಂದು ಬಾಗಿಲು, ಇ-ಮೇಲಿನದು ಇನ್ನೊಂದು, ಮಾತಿನದು ಮತ್ತೊಂದು. ನಾವು ಬಳಸುತ್ತಿದ್ದ ಮಾತಿನ ಪ್ರೋಗ್ರಾಮಿನಲ್ಲಿ ಈ ಬಾಗಿಲನ್ನು ಬದಲಿಸುವ ಅವಕಾಶವಿತ್ತು. ಶಹಾಬಾದಕ್ಕೆ ಮರಳಿ, ಯಾವುದೋ ಬಳಕೆಯಿಲ್ಲದ ಸಂಖ್ಯೆ ಹಾಕಿ ಚಿಂಚೋಳಿಯ ಸೆಂಟರಿನವರ ಜೊತೆ ಮಾತು ಜೋಡಿಸಿದೆ. ಎಷ್ಟು ಹೊತ್ತು ಮಾತಾಡಿದರೂ ದನಿ ಒಡೆಯಲಿಲ್ಲ. ಮಾಸ್ತರರನ್ನು ಕರೆದು ಕೇಳಿಸಿದೆ. ಇಬ್ಬರಿಗೂ ಗೆದ್ದ ಸಂತೋಷ.

ಮರುದಿನ ಆ ಬಾಗಿಲಿನಲ್ಲೂ ಮಾತು ಒಡೆಯಿತು.

ಅಂದರೆ ವಾಡಿಯಲ್ಲಿ ಯಾರೋ ನಮ್ಮ ಲೈನನ್ನು ನೋಡುತ್ತ ಕೂತಿದ್ದರು. ಆವರೆಗೆ ನನಗೆ ಬರೀ ಸಿಟ್ಟಿತ್ತು. ಆ ದಿನ ಮೊದಲ ಸಲ ಅಂಜಿಕೆಯೂ ಬಂತು. ಹೆಂಗಸರು ನನ್ನ ಮೇಲೆ ಹೊರಿಸಿದ್ದ ಆರೋಪ ಪೂರ್ತಿ ಸುಳ್ಳಲ್ಲ. ಕಿವಿಗೊಟ್ಟು ಕೂತವರೊಬ್ಬರು ಇದ್ದರು, ನಾನಲ್ಲ ಅಷ್ಟೇ.

ಮಾತನ್ನು ಈ ಸಲ ಪುಟಗಳ ಬಾಗಿಲಿನಿಂದಲೇ ಕಳಿಸಿದೆ. ಆ ಬಾಗಿಲನ್ನು ಬಿಗಿದರೆ ಪುಟಗಳೂ ನಿಂತು, ಮೂರು ಊರಿನವರು ಬೊಬ್ಬೆ ಹಾಕುತ್ತಾರೆ. ಅದನ್ನು ಮುಟ್ಟುವುದು ಸುಲಭವಲ್ಲ. ಮಾತು ಕೊಂಚ ತಡವಾಗಿ ಬಂತು, ಆದರೆ ಕಡಿಯಲಿಲ್ಲ. ಅಕ್ಕಪಕ್ಕದ ಎರಡು ಯಂತ್ರ, ಒಂದೇ ವೈರು, ಒಂದೇ ಆಂಟೆನಾ, ಒಂದೇ ಹೊತ್ತು. ಒಂದರಲ್ಲಿ ಮಾತಿನ ಬಾಗಿಲು, ಇನ್ನೊಂದರಲ್ಲಿ ಪುಟದ ಬಾಗಿಲು. ಒಂದು ಕಡಿಯಿತು, ಒಂದು ಹರಿಯಿತು. ಯಂತ್ರದ ದೋಷ ಎನ್ನದಿರಲಿ ಎಂದು ಯಂತ್ರಗಳನ್ನು ಅದಲುಬದಲು ಮಾಡಿದೆ. ಕಡಿತ ಬಾಗಿಲಿನ ಜೊತೆಗೇ ಹೋಯಿತು.

ಹಾಗಾದರೆ ಇನ್ನು ಮುಂದೆ ಇದೇ ಬಾಗಿಲು ಬಳಸಿದರಾಯಿತಲ್ಲ ಎಂದರು ಮಾಸ್ತರರು. ಒಂದು ಬಾಗಿಲನ್ನು ಒಂದೇ ದಿನದಲ್ಲಿ ಹುಡುಕಿದವರು ಇದನ್ನೂ ಹುಡುಕುತ್ತಾರೆ, ಆಗ ನಮ್ಮ ಲೈನನ್ನೇ ಹಿಂಡುತ್ತಾರೆ ಎಂದೆ. ಅವರು ಸ್ವಲ್ಪ ಯೋಚಿಸಿ, ಹೋಗಿ ನೇರವಾಗಿ ಕೇಳು ಎಂದರು. ತಾವು ಬರುವುದಿಲ್ಲವೆಂದರು, ಸಾಹುಕಾರರ ತಂದೆ ಅವರ ಹಳೆಯ ಪರಿಚಯ, ದಾಕ್ಷಿಣ್ಯ.

ವಾಡಿಯಲ್ಲಿ ಸಾಹುಕಾರರ ಆಫೀಸು ಎರಡನೆಯ ಅಂತಸ್ತಿನಲ್ಲಿ, ಕಿಟಕಿಯಿಂದ ಜಂಕ್ಷನ್ನಿನ ಹಳಿಗಳು ಕಾಣುತ್ತಿದ್ದವು. ಅವರು ಎದ್ದು ನಿಂತು ಬರಮಾಡಿಕೊಂಡರು. ಚಹಾ ಬಂತು, ಬಿಸ್ಕೀಟು ಬಂತು. ನಾನು ಪರೀಕ್ಷೆಯ ವಿವರ ಹೇಳುತ್ತ ಹೋದೆ. ಅವರು ಒಮ್ಮೆಯೂ ಅಡ್ಡ ಬರಲಿಲ್ಲ, ಒಮ್ಮೆಯೂ ಅಲ್ಲಗಳೆಯಲಿಲ್ಲ. ಅಷ್ಟು ಸಮಾಧಾನ ನನಗೆ ಹಿಡಿಸಲಿಲ್ಲ. ಕೊನೆಗೆ ಕಿಟಕಿಯ ಹೊರಗೆ ಕೈ ತೋರಿಸಿದರು.

"ಅಲ್ಲಿ ನೋಡ್ರಿ ಮೇಡಮ್ಮೋರೇ. ಸಿಮೆಂಟ್ ತುಂಬಿದ ಗೂಡ್ಸ್ ನಿಂತದ. ಎಕ್ಸ್‌ಪ್ರೆಸ್ ಮುಂದ ಹೋಗ್ಲಿ ಅಂತ ಅದನ್ನ ನಿಲ್ಲಿಸ್ಯಾರ. ಯಾರರ ಜಗಳ ಮಾಡ್ತಾರೇನು? ನನ್ನ ಲೈನಿನಾಗೂ ಅಷ್ಟೇ. ಎಲ್ಲಾರೂ ತಾಸುಗಟ್ಲೆ ಮಾತಾಡ್ಕೋತ ಕುಂತ್ರ ಹುಡುಗ್ರ ರಿಸಲ್ಟ್ ತೆರಿಯಂಗಿಲ್ಲ. ಯಾವುದು ಮೊದಲ ಹೋಗ್ಬೇಕು ಅನ್ನೂದು ಯಾರರ ನೋಡ್ಬೇಕಲ್ಲ?"

ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಲೈನು ಇಕ್ಕಟ್ಟಾದಾಗ ಯಾರಾದರೂ ಕಾಯಲೇಬೇಕು. ಆದರೆ ಮಾತು ಹಗುರ. ತಾಸು ಮಾತಾಡಿದರೂ ನಾಲ್ಕು ಹಾಡು ಇಳಿಸಿದಷ್ಟು ಭಾರವಾಗದು ಎಂದು ನಾನು ಅಳೆದು ನೋಡಿದ್ದೆ. ಹಾಡನ್ನು ಯಾರೂ ನಿಲ್ಲಿಸಿರಲಿಲ್ಲ.

"ಗೂಡ್ಸ್ ಡ್ರೈವರಗ ಕೆಂಪು ದೀಪ ಕಾಣಸ್ತದ್ರಿ ಸಾವ್ಕಾರ್ರೇ" ಎಂದೆ. "ಅಂವಗ ತಾ ಯಾಕ ನಿಂತೀನಿ ಅನ್ನೂದು ಗೊತ್ತದ. ನೀವು ಹಸಿರು ದೀಪ ಹಚ್ಚಿ ಗಾಡಿ ನಿಲ್ಲಿಸೀರಿ. ಮತ್ತ ನಿಮ್ಮ ಕಾರ್ಡಿನ ಮಾತೂ ಮಾತೇ ಅಲ್ಲೇನ್ರಿ? ಅದು ಯಾಕ ಕಡಿಯಂಗಿಲ್ಲ?"

ಅವರು ನಕ್ಕರು. ಟವರ್ ನಿಲ್ಲಿಸಲು ತಾವು ಪಟ್ಟ ಪಾಡು, ಅದಕ್ಕಾಗಿ ಮಾರಿದ ಹೊಲ, ಯಾರೂ ಇಲ್ಲಿಗೆ ಇಂಟರ್‌ನೆಟ್ ತರಲು ಮುಂದಾಗದಿದ್ದಾಗ ತಾವೊಬ್ಬರೇ ತಂದದ್ದು, ಎಲ್ಲ ಹೇಳಿದರು. ಅದೂ ಸುಳ್ಳಲ್ಲ. ಆಮೇಲೆ ದನಿ ಇಳಿಸಿ ಒಂದು ಮಾತು ಹೇಳಿದರು: ಮಾಸ್ತರರ ಮೇಲೆ ತಮಗೆ ಗೌರವವಿದೆ, ಶಹಾಬಾದದ ಸೆಂಟರಿನ ಲೈನನ್ನು ಈ ಹೊತ್ತೇ ಪೂರ್ತಿ ಬಿಡಿಸಿಕೊಡುತ್ತೇವೆ, ಮಾತೂ ಹರಿಯುತ್ತದೆ. ಸೇಡಂ, ಚಿತ್ತಾಪುರದವರ ಕಿವಿಗೆ ಮಾತ್ರ ಬೀಳಬಾರದು.

ನಾನು ಚಹಾದ ಕಪ್ಪನ್ನು ನೋಡುತ್ತ ಕೂತೆ. ಚಿತ್ತಾಪುರ ತಾಲೂಕಿನ ನಮ್ಮ ಹಳ್ಳಿಯ ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆ ಹೊರಗೆ ಗೋಡೆಯ ಗೂಡಿನಲ್ಲಿ ಬೇರೆ ಕಪ್ಪು ಇಡುತ್ತಿದ್ದರು. ಅಪ್ಪನಿಗೆ ಸರಕಾರಿ ನೌಕರಿ ಸಿಕ್ಕ ಮೇಲೆ ಹೋಟೆಲಿನವನು, ನೀವು ಒಳಗೆ ಬಂದು ಕೂತು ಕುಡಿಯಬಹುದು, ನೀವೊಬ್ಬರೇ, ಎಂದನಂತೆ. ಅಪ್ಪ ಆಮೇಲೆ ಆ ಹೋಟೆಲಿನ ಚಹಾ ಕುಡಿಯಲೇ ಇಲ್ಲ. ಅವರು ಅದನ್ನು ದೊಡ್ಡ ಸಂಗತಿಯೆಂದು ಹೇಳಿದವರಲ್ಲ. ಅವ್ವ ಯಾವಾಗಲೋ ಹೇಳಿದ್ದು. ವಾಡಿಯ ಆಫೀಸಿನಲ್ಲಿ ಅದು ನೆನಪಾದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಇಲ್ಲಿ ಯಾರೂ ನನ್ನ ಜಾತಿ ಕೇಳಿರಲಿಲ್ಲ. ಆದರೆ ಕೊಡುವವರು ಕೊಡುವ ರೀತಿ ಅದೇ ಆಗಿತ್ತು. ಮಾಸ್ತರರನ್ನು ಕೇಳಿ ಹೇಳುತ್ತೇನೆ ಎಂದು ಎದ್ದೆ.

ಮಾಸ್ತರರು ಒಪ್ಪಿಕೊಳ್ಳುವ ಮನಸ್ಸಿನಲ್ಲಿದ್ದರು. ನಮ್ಮ ಗಿರಾಕಿಗಳ ಮಾತು ಸರಿಹೋದರೆ ಸಾಲದೇ, ಊರಿನ ಉಸಾಬರಿ ನಮಗೇಕೆ ಎಂದರು. ನಿವೃತ್ತಿಯಲ್ಲಿ ಬಂದದ್ದನ್ನೆಲ್ಲ ಈ ಕೋಣೆಗೆ ಸುರಿದವರು ಅವರು. ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ. ನಾನು ಕೇಳಿದ್ದು ಒಂದೇ: ಇವತ್ತು ನಮಗೆ ಬಿಡಿಸಿಕೊಟ್ಟವರು ನಾಳೆ ಮತ್ತೆ ಕಟ್ಟಿದರೆ ನಮಗೆ ಹೇಗೆ ಗೊತ್ತಾಗುತ್ತದೆ? ಮಾತು ಕಡಿದಾಗಲೆಲ್ಲ ಇದು ಗಾಳಿಯೋ, ಗಣಿಯ ಸಿಡಿಮದ್ದೋ, ಸಾಹುಕಾರರೋ ಎಂದು ಶಕುನ ನೋಡುತ್ತ ಕೂರಬೇಕೇ?

ಅವರು ಕಂಪ್ಯೂಟರ್ ಆರಿಸಿ ಮನೆಯೊಳಗೆ ಹೋದರು. ಮರುದಿನ ಬೆಳಿಗ್ಗೆ ಬಂದು ಕನ್ನಡಕ ಒರೆಸುತ್ತ ಹೇಳಿದರು: "ನೋಡವಾ, ಮೂವತ್ತು ವರ್ಷ ಗಣಿತ ಕಲಿಸೀನಿ. ಉತ್ತರ ಬರೋಬ್ಬರಿ ಬಂದು, ಲೆಕ್ಕ ತೋರಿಸಲಿಲ್ಲಂದ್ರ ನಾ ಮಾರ್ಕ್ ಕೊಟ್ಟಾಂವಲ್ಲ. ಸೇಡಂನವರಿಗೂ ಚಿತ್ತಾಪುರದವರಿಗೂ ಕರಿ. ಅವರ ಮುಂದ ಮಾಡಿ ತೋರ್ಸು."

ಪಾಲಿಶ್ ಕಾರ್ಖಾನೆಯಾಕೆಯನ್ನೂ ಕರೆಯಬೇಕೆಂದು ನಾನೇ ಹೋದೆ. ಕಲ್ಲಿನ ಮೇಲೆ ನೀರು ಬಿಡುತ್ತ ಚಕ್ರ ತಿರುಗುತ್ತಿತ್ತು. ಆ ಸದ್ದಿನಲ್ಲಿ ಕೂಗಿಕೊಂಡೇ ಮಾತಾಡಬೇಕು. ಶಾಲೆಗೆ ಸೂಟಿ ಬಿಟ್ಟ ಮೇಲೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುವುದಾಗಿ, ತಿರುಗಿ ಬರುವುದಿಲ್ಲವೆಂದು ಹೇಳಿದಳು. ಅಲ್ಲಿ ಅವನಿಗೆ ಬೇರೆ ಸಂಸಾರ ಇದೆ ಎಂದು ಆಕೆ ತೀರ್ಮಾನಿಸಿಯಾಗಿತ್ತು. ನಾನು ಬಾಗಿಲಿನ ವಿಷಯ ಹೇಳಿದೆ. ಚಕ್ರ ನಿಲ್ಲಿಸಿ ಪೂರ್ತಿ ಕೇಳಿದಳು.

"ನಿಮ್ಮ ಅಂಗಡಿ ನಡೀಬೇಕಲ್ರಿ" ಎಂದಳು. "ಹಂಗೇ ಹೇಳ್ತೀರಿ."

ಸಿಟ್ಟಿನಿಂದ ಹೇಳಲಿಲ್ಲ. ಆದರೂ ಆ ಇಡೀ ಬೇಸಿಗೆಯಲ್ಲಿ ನನಗೆ ಹೆಚ್ಚು ನಾಟಿದ್ದು ಆ ಮಾತು.

ಭಾನುವಾರ ಎಲ್ಲರೂ ಸೇರಿದರು. ಸೇಡಂನವ ಬಂದ, ಚಿತ್ತಾಪುರದವ ಬಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಎರಡು ಮೂಲೆಯಲ್ಲಿ ಕೂತರು. ಗಲ್ಫಿನವರ ಮನೆಯ ಹೆಂಗಸರು ಬಾಗಿಲ ತುಂಬ ನಿಂತಿದ್ದರು. ಪಾಲಿಶಿನಾಕೆಯೂ ಬಂದಿದ್ದಳು, ಕೊನೆಯಲ್ಲಿ, ಹೊರಗೆ. ಆ ತುದಿಯಲ್ಲಿ ಚಿಂಚೋಳಿಯವರು ತಮ್ಮ ಎರಡೂ ಫೋನ್ ಲೈನು ಬಿಟ್ಟುಕೊಟ್ಟು, ಎರಡು ಯಂತ್ರಗಳ ಮುಂದೆಯೂ ಪಂಚಾಂಗ ಓದಲು ಜನ ಕೂರಿಸಿದ್ದರು. ನಿಲ್ಲದೆ ಓದಲು ಅದಕ್ಕಿಂತ ಒಳ್ಳೆಯದು ನಮಗೆ ಹೊಳೆಯಲಿಲ್ಲ. ಎರಡು ಯಂತ್ರ, ಎರಡು ಸ್ಪೀಕರು: ಎಡಗಡೆಯದು ಮಾತಿನ ಬಾಗಿಲಿನಲ್ಲಿ, ಬಲಗಡೆಯದು ಪುಟದ ಬಾಗಿಲಿನಲ್ಲಿ. ತಿಥಿ ವಾರ ನಕ್ಷತ್ರಗಳು ಎರಡರಲ್ಲೂ ಹರಿದು ಬಂದವು. ಸ್ವಲ್ಪ ಹೊತ್ತಿಗೆ ಎಡಗಡೆಯ ಸ್ಪೀಕರಿನಲ್ಲಿ ನಕ್ಷತ್ರ ಒಡೆಯಿತು, ತಿಥಿ ಮುಳುಗಿತು. ಬಲಗಡೆಯದು ಓದುತ್ತಲೇ ಇತ್ತು. ನಾನು ಏನೂ ವಿವರಿಸದೆ ಬಾಗಿಲ ಸಂಖ್ಯೆಗಳನ್ನು ಅದಲುಬದಲು ಮಾಡಿ ಮತ್ತೆ ಜೋಡಿಸಿದೆ. ಈ ಸಲ ಬಲಗಡೆಯದು ಮುಳುಗಿತು. ಚಿತ್ತಾಪುರದವ ಎದ್ದು ಬಂದು ತಾನೇ ಮಾಡಿ ನೋಡುತ್ತೇನೆಂದ. ಮಾಡಿದ. ಆಮೇಲೆ ಸೇಡಂನವನ ಪಕ್ಕದಲ್ಲಿ ಹೋಗಿ ಕೂತ.

ನಾನು ತಿರುಗಿ ನೋಡುವಷ್ಟರಲ್ಲಿ ಪಾಲಿಶಿನಾಕೆ ಹೋಗಿಬಿಟ್ಟಿದ್ದಳು.

ಮೂರೂ ಸೆಂಟರಿನವರು ಸೇರಿ ವಾಡಿಗೆ ಹೋದೆವು. ಕೇಳಿದ್ದು ಎರಡೇ: ಯಾವ ಬಾಗಿಲನ್ನೂ ಗುಟ್ಟಾಗಿ ಬಿಗಿಯಬೇಡಿ, ಲೈನು ಇಕ್ಕಟ್ಟಾದರೆ ಮೊದಲೇ ಹೇಳಿ ಎಲ್ಲರದನ್ನೂ ಸಮನಾಗಿ ನಿಧಾನ ಮಾಡಿ. ಸಾಹುಕಾರರು ಈ ಸಲ ಚಹಾ ತರಿಸಲಿಲ್ಲ. ತಾಂತ್ರಿಕ ತೊಂದರೆ, ನೋಡುತ್ತೇವೆ ಎಂದರು. ಎರಡು ದಿನ ಬಿಟ್ಟು ನಮ್ಮ ಆಂಟೆನಾದ ಅಂಕಿ ಸೊನ್ನೆಗಿಳಿಯಿತು. ಶಹಾಬಾದದ ಲೈನು ಪೂರ್ತಿ ನಿಂತಿತ್ತು. ಈ ಬಾರಿ ಮೆಕ್ಯಾನಿಕ್ ಬರಲಿಲ್ಲ. ಸೇಡಂ, ಚಿತ್ತಾಪುರದವರ ಲೈನು ಉಳಿಯಿತು. ಅವರಲ್ಲಿ ಮಾತು ಕಡಿಯುವುದೂ ನಿಂತಿತು ಎಂದು ಸೇಡಂನವನೇ ಫೋನ್ ಮಾಡಿ ಹೇಳಿದ. ಹೇಳಲು ಅವನಿಗೆ ಕಷ್ಟವಾಗಿತ್ತು. ನಮ್ಮದೊಂದನ್ನು ಕಡಿದು ಉಳಿದವರದನ್ನು ಬಿಟ್ಟದ್ದು ಸೋಲೋ ಗೆಲುವೋ, ಅಥವಾ ನಮ್ಮನ್ನು ಒಡೆಯುವ ಇನ್ನೊಂದು ಉಪಾಯವೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ.

ಮಾಸ್ತರರು ಅಟ್ಟದಿಂದ ಹಳೆಯ ಮೋಡೆಮ್ ಇಳಿಸಿದರು. ಧೂಳು ಊದಿ, ಟೆಲಿಫೋನ್ ಲೈನಿಗೆ ಜೋಡಿಸಿದೆವು. ಪುಟಗಳು ಮತ್ತೆ ತೆವಳತೊಡಗಿದವು, ಓದುವ ಹುಡುಗರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು, ಅರ್ಧಕ್ಕರ್ಧ ಯಂತ್ರಗಳಿಗೆ ಬಟ್ಟೆ ಹೊದಿಸಿದೆವು. ಫೋನಿನವರ ಬ್ರಾಡ್‌ಬ್ಯಾಂಡ್ ನಮ್ಮೂರಿಗೆ ಬರಲು ಇನ್ನೂ ಬಹಳ ಕಾಲವಿತ್ತು. ಮಾಸ್ತರರು ಒಂದು ದಿನವೂ ನನ್ನನ್ನು ಆಡಿಕೊಳ್ಳಲಿಲ್ಲ. ಆದರೆ ಸಂಜೆ ಕೋಣೆಯ ದೀಪಗಳನ್ನು ಒಂದೊಂದಾಗಿ ಆರಿಸುವಾಗ ಅವರ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಒಂದು ಶುಕ್ರವಾರ ಪಾಲಿಶಿನಾಕೆ ಬಂದಳು. ಕೈ ತೊಳೆದುಕೊಂಡಿರಲಿಲ್ಲ, ಕೆಲಸದಿಂದ ನೇರ ಬಂದಿದ್ದಳು. ಈ ಹೊತ್ತಿಗೆ ಅಲ್ಲಿಯ ಸೆಂಟರಿಗೆ ಬಂದು ಕೂಡುವಂತೆ ಗಂಡನಿಗೆ ಅವನ ಜೊತೆಗಾರನ ಮೂಲಕ ಹೇಳಿ ಕಳಿಸಿದ್ದಾಳಂತೆ. ಮೋಡೆಮ್ ಕಿರುಗುಟ್ಟಿ ಜೋಡಿಸಿಕೊಂಡಿತು. ಹೆಡ್‌ಫೋನ್ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ನಾನು ದೂರ ಹೋಗಲು ಎದ್ದೆ. ಇಲ್ಲೇ ಕೂಡಿ ಎಂದು ಕೈಮಾಡಿದಳು.

ಊಟ, ಮಕ್ಕಳು, ಶಾಲೆ, ಅತ್ತೆಯ ಕಾಲುನೋವು, ಎಲ್ಲ ಮುಗಿಯಿತು. ಆಮೇಲೆ ಆ ಕೇಳಬೇಕಾದ್ದನ್ನು ಕೇಳಿದಳು. ಈ ಸಲ ಬೇರೆ ರೀತಿ ಕೇಳಿದಳು. ನಾನು ಕೇಳಿದಾಗೆಲ್ಲ ನೀನೇ ಬಂದ್ ಮಾಡುತ್ತಿದ್ದಿ ಎಂದು ತಿಳಿದಿದ್ದೆ, ಖರೇ ಹೇಳು, ಎಂದಳು. ಅವನೇನೋ ಬಹಳ ಹೊತ್ತು ಹೇಳಿದ. ಆಕೆ ನಡುವೆ ಒಮ್ಮೆ ನನ್ನ ಕಡೆ ತಿರುಗಿ, ತಾನು ಕೇಳಿದ್ದನ್ನು ನಂಬಲಾಗದವಳಂತೆ ಹೇಳಿದಳು: "ನಾನೇ ಬ್ಯಾಸತ್ತು ಕಡೀಲಿಕತ್ತೀನಿ ಅಂತ ಅಂವ ತಿಳ್ಕೊಂಡಿದ್ನಂತ್ರಿ."

ಆಮೇಲೆ ಕೋಣೆಯಲ್ಲಿ ಮಾತಿಲ್ಲ. ಹೆಡ್‌ಫೋನಿನಲ್ಲೂ ಇಲ್ಲ ಎಂದು ಆಕೆಯ ಭುಜ ನೋಡಿ ಗೊತ್ತಾಯಿತು. ಹಿಂದೆಯಾಗಿದ್ದರೆ ಆಕೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಡುತ್ತಿದ್ದಳು. ಈಗ ಅದನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಹಿಡಿದಳು.

"ಅಕ್ಕೋರೇ, ಲೈನ್ ಅದೇನ್ರಿ?"

ಪರದೆಯನ್ನು ನೋಡಿದೆ. ಪಿಂಗಿನ ತುಣುಕುಗಳು ಒಂದೂ ಕಳೆಯದೆ ಎಲ್ಲ ತಿರುಗಿ ಬರುತ್ತಿದ್ದವು. ನಡುವೆ ಈಗ ವಾಡಿಯೂ ಇರಲಿಲ್ಲ.

"ಅದ" ಎಂದೆ. "ಕಡದಿಲ್ಲ."

"ಹಂಗಾದ್ರ ಅಂವ ಅಳ್ಲಿಕತ್ತಾನ" ಎಂದಳು. ಮತ್ತೆ ಗೋಡೆಯ ಕಡೆ ತಿರುಗಿ, ಅವನು ಮುಗಿಸುವ ತನಕ ಸುಮ್ಮನೆ ಕಾಯುತ್ತ ಕೂತಳು.